ಗುಮಾಸ್ತರ ಕಸುಬು

(ಐರ್ಲೆಂಡಿನ ಕಾರ್ಕ್ ನಗರದ ಉತ್ತರದ ಗುಡ್ಡದ ಮೇಲಿರುವ ಬಡಾವಣೆ ಹಾಲಿಹಿಲ್. ಆ್ಯಪಲ್ ಕಂಪನಿಯ ಯುರೋಪಿನ ಕೇಂದ್ರ ಕಚೇರಿ ಇಲ್ಲಿದೆ. ಅದರ ಸುತ್ತ ನಗರಪಾಲಿಕೆ ಕಟ್ಟಿಸಿದ ಸಾಲುಮನೆಗಳಲ್ಲಿ ದುಡಿಯುವ ಜನ ಇದ್ದಾರೆ. ಮಾತಾಡುತ್ತಿರುವ ಇಬ್ಬರೂ ಇಲ್ಲಿಯವರು. ಅಕ್ಕ ಬಂಟ್ವಾಳದ ಕಡೆಯಿಂದ ಬಂದವರು, ಒಂದು ಕಂಪನಿಯ ಲೆಕ್ಕಪತ್ರ ವಿಭಾಗ ನೋಡಿಕೊಳ್ಳುತ್ತಾರೆ. ತಮ್ಮ ಹಾಸನದ ಕಡೆಯ ತಾಯಿಯ ಮಗ, ಇಲ್ಲೇ ಬೆಳೆದವನು, ಪದವಿಯ ಕೊನೆಯ ವರ್ಷದಲ್ಲಿದ್ದಾನೆ. ಒಡಹುಟ್ಟಿದವರಲ್ಲ, ಕರೆಯುವುದು ಮಾತ್ರ ಹಾಗೆ. ಫೆಬ್ರವರಿಯ ಕೊನೆಯ ವಾರ.)

ತಮ್ಮ: ಅಕ್ಕ, ಫೈನಾನ್ಸ್ ಆಸೆ ಬಿಟ್ಟುಬಿಡೋಣ ಅಂತ ಇದ್ದೀನಿ. ಅಂಗಡಿಯಲ್ಲಿ ಸೂಪರ್‌ವೈಸರ್ ಮಾಡ್ತೀವಿ ಅಂದಿದ್ದಾರೆ. ಪರೀಕ್ಷೆ ಮುಗಿದ ಮಾರನೇ ದಿನದಿಂದ ಪೂರ್ತಿ ಕೆಲಸ, ಪೂರ್ತಿ ಸಂಬಳ.

ಅಕ್ಕ: ಅಂಗಡಿ ಕೆಲಸ ಮರ್ಯಾದೆಯ ಕೆಲಸ. ಇಷ್ಟಪಟ್ಟು ಹೋಗುವುದಾದರೆ ನಾನು ಎಂತದ್ದೂ ಹೇಳುವುದಿಲ್ಲ. ಆದರೆ ನಿನ್ನ ಮುಖ ಹಾಗೆ ಕಾಣುವುದಿಲ್ಲ ಮಾರಾಯ.

ತಮ್ಮ: ಈ ತಿಂಗಳು ಕೂತು ದೊಡ್ಡ ಆಡಿಟ್ ಸಂಸ್ಥೆಗಳಿಗೆ ಅರ್ಜಿ ಹಾಕೋಣ ಅಂತ ನೋಡಿದೆ. ಎಲ್ಲಾ ಮುಚ್ಚಿಹೋಗಿದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಅರ್ಜಿ ತಗೊಂಡು ಮುಗಿಸಿದ್ದಾರೆ. ಪದವಿ ಮುಗಿಯೋಕೆ ಇನ್ನೂ ಎಂಟು ತಿಂಗಳು ಇರುವಾಗಲೇ ಕೆಲಸ ಹಂಚಿಬಿಡ್ತಾರೆ ಅಂತ ನನಗೆ ಹೇಗೆ ಗೊತ್ತಾಗಬೇಕು? ಮೊದಲು ಪಾಸಾಗು, ಆಮೇಲೆ ಕೆಲಸ ಹುಡುಕು ಅಂತಲೇ ಅಮ್ಮ ಹೇಳಿದ್ದು. ನನ್ನ ಜೊತೆ ಓದುವ ಒಬ್ಬನಿಗೆ ಹೋದ ಬೇಸಿಗೆಯಲ್ಲೇ ಇಂಟರ್ನ್‌ಷಿಪ್ ಆಯ್ತು, ಅಲ್ಲಿಂದಲೇ ಕೆಲಸವೂ ಆಯ್ತು. ಅವರಪ್ಪ ಚಾರ್ಟರ್ಡ್ ಅಕೌಂಟೆಂಟ್. ಯಾವ ತಿಂಗಳು ಏನು ಮಾಡಬೇಕು ಅನ್ನೋದು ಅವನ ಮನೆಯಲ್ಲಿ ಊಟದ ಹೊತ್ತಿನ ಮಾತು.

ಅಕ್ಕ: ಈ ಕ್ಯಾಲೆಂಡರನ್ನೇ ನಾನು ಆಸ್ತಿ ಅಂತ ಕರೆಯುವುದು. ಮನೆ, ತೋಟ ಬಿಟ್ಟುಹೋದ ಹಾಗೆ ಇದನ್ನೂ ಅಪ್ಪ ಮಗನಿಗೆ ಬಿಟ್ಟುಹೋಗ್ತಾನೆ. ನಿನಗೆ ಬುದ್ಧಿ ಕಮ್ಮಿಯಾಗಿ ತಪ್ಪಿಹೋದದ್ದಲ್ಲ ಇದು. ನಿಮ್ಮಮ್ಮ ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿ ಮಾಡಿ ಬರುವವಳು. ಆಡಿಟ್ ಸಂಸ್ಥೆಗಳ ನೇಮಕಾತಿಯ ತಿಂಗಳು ಅವಳಿಗೆ ಯಾರು ಹೇಳಬೇಕಿತ್ತು? ಮುಚ್ಚಿದ್ದು ಒಂದು ಬಾಗಿಲು. ನೀನು ಊರೇ ಮುಚ್ಚಿತು ಅಂತ ತಿರುಗಿ ಹೊರಟಿದ್ದೀ. ಫೈನಾನ್ಸ್ ಅಂದರೆ ನಿನ್ನ ಕಣ್ಣಿಗೆ ಬರುವುದು ಎಂತ, ಹೇಳು.

ತಮ್ಮ: ಡಬ್ಲಿನ್. ನದಿ ಪಕ್ಕದ ಗಾಜಿನ ಕಟ್ಟಡಗಳು. ಬ್ಯಾಂಕು, ಷೇರು, ಆ ಥರ.

ಅಕ್ಕ: ಆ ಕಟ್ಟಡಗಳ ಕಥೆ 1987ರದ್ದು. ಹಡಗುಕಟ್ಟೆಯ ಹಳೇ ಜಾಗದಲ್ಲಿ ಸರ್ಕಾರ ಅಂತಾರಾಷ್ಟ್ರೀಯ ಹಣಕಾಸು ಸೇವಾ ಕೇಂದ್ರ ಕಟ್ಟುತ್ತೇವೆ ಅಂತ ಹೊರಟದ್ದು. ಆದರೆ ಅಲ್ಲಿ ದಿನಾ ನಡೆಯುವ ಕೆಲಸದ ದೊಡ್ಡ ಪಾಲು ಷೇರು ಕೊಳ್ಳುವುದು, ಮಾರುವುದಲ್ಲ. ಜರ್ಮನಿಯ ಒಬ್ಬ ಮೇಷ್ಟ್ರ ಪಿಂಚಣಿ ದುಡ್ಡು ಒಂದು ಫಂಡ್‌ನಲ್ಲಿ ಉಂಟು ಅಂತ ಇಟ್ಟುಕೋ. ಫಂಡ್ ನೋಂದಣಿಯಾದದ್ದು ಐರ್ಲೆಂಡಿನಲ್ಲಿ, ಷೇರುಗಳಿರುವುದು ಅಮೆರಿಕ, ಜಪಾನ್‌ನಲ್ಲಿ. ಈ ದಿನ ಸಂಜೆ ಆ ಫಂಡ್‌ನ ಒಂದು ಯೂನಿಟ್‌ಗೆ ಬೆಲೆ ಎಷ್ಟು? ಯಾರೋ ಕೂತು ಲೆಕ್ಕ ಹಾಕಬೇಕು, ಇನ್ನೊಬ್ಬರು ಪರಿಶೀಲಿಸಬೇಕು, ಬ್ಯಾಂಕಿನ ಪಟ್ಟಿಗೂ ನಮ್ಮ ಪುಸ್ತಕಕ್ಕೂ ತಾಳೆ ಆಗಬೇಕು. ಈ ಕೆಲಸ ಡಬ್ಲಿನ್‌ನಲ್ಲಿ ಮಾತ್ರ ಅಲ್ಲ, ಇಲ್ಲೇ ಕಾರ್ಕ್‌ನಲ್ಲಿ, ಕಿಲ್ಕೆನಿಯಲ್ಲಿ, ವೆಕ್ಸ್‌ಫರ್ಡ್‌ನಲ್ಲಿ ನಡೆಯುತ್ತದೆ. ಇದಕ್ಕೆ ಜನ ಬೇಕಾಗುವುದು ಅಕ್ಟೋಬರ್‌ನಲ್ಲಿ ಮಾತ್ರವಲ್ಲ, ವರ್ಷವಿಡೀ. ಇದಲ್ಲದೆ ಕಂಪನಿಗಳ ಒಳಗಿನ ಲೆಕ್ಕ ವಿಭಾಗ ಉಂಟು, ತೆರಿಗೆ ಉಂಟು, ಸಾಲದ ಅರ್ಜಿ ತೂಗಿ ನೋಡುವುದು ಉಂಟು, ಕಾನೂನು ಪಾಲನೆ ಆಗುತ್ತಿದೆಯಾ ಅಂತ ಕಾಯುವುದು ಉಂಟು. ನಾಲ್ಕೈದು ಜನರ ಸಣ್ಣ ಆಡಿಟ್ ಆಫೀಸುಗಳು ಈ ಊರಲ್ಲಿ ಎಷ್ಟೋ ಉಂಟು.

ತಮ್ಮ: ಅವೆಲ್ಲ ಗುಮಾಸ್ತರ ಕೆಲಸ ಅಲ್ವಾ ಅಕ್ಕ?

ಅಕ್ಕ: ಹೌದು, ಗುಮಾಸ್ತರ ಕೆಲಸವೇ. ಇಡೀ ಕಸುಬೇ ಗುಮಾಸ್ತರದ್ದು! ನಿನಗೆ ನಾನು ಹೇಳಬೇಕು ಅಂದುಕೊಂಡದ್ದೇ ಅದು. ನೀನು ಓದಿದ ಹೈಸ್ಕೂಲಿಗೆ ಯಾರ ಹೆಸರು ಇಟ್ಟಿದ್ದಾರೆ?

ತಮ್ಮ: ಟೆರೆನ್ಸ್ ಮ್ಯಾಕ್‌ಸ್ವೀನಿ. ಕಾರ್ಕ್‌ನ ಲಾರ್ಡ್ ಮೇಯರ್. 1920ರಲ್ಲಿ ಬ್ರಿಟಿಷರ ಜೈಲಲ್ಲಿ 74 ದಿನ ಉಪವಾಸ ಮಾಡಿ ತೀರಿಕೊಂಡರು. ಭಾರತದಲ್ಲೂ ಅವರ ಹೆಸರು ಆ ಕಾಲಕ್ಕೆ ಪ್ರಸಿದ್ಧವಾಗಿತ್ತು ಅಂತ ಅಮ್ಮನಿಗೆ ಹೇಳಿದ್ದೆ.

ಅಕ್ಕ: ಸಾಯುವ ಮುಂಚೆ ಅವರು ಬದುಕಿಗೆ ಎಂತ ಮಾಡುತ್ತಿದ್ದರು, ಗೊತ್ತುಂಟಾ?

ತಮ್ಮ: ನಾಟಕ ಬರೀತಿದ್ದರು. ಮೇಷ್ಟ್ರಾಗಿದ್ದರು.

ಅಕ್ಕ: ಅದಕ್ಕೂ ಮೊದಲು? ಎಂಟು ಮಕ್ಕಳಲ್ಲಿ ಒಬ್ಬರು. ಅಪ್ಪ ಆಸ್ಟ್ರೇಲಿಯಾಕ್ಕೆ ಹೋದವರು. ಮನೆ ನಡೆಯಬೇಕಲ್ಲ, ಹದಿನೈದನೇ ವಯಸ್ಸಿಗೆ ಶಾಲೆ ಬಿಟ್ಟು ಕಾರ್ಕ್‌ನ ಒಂದು ವ್ಯಾಪಾರಿ ಸಂಸ್ಥೆಯಲ್ಲಿ ಲೆಕ್ಕದ ಗುಮಾಸ್ತರಾದರು. ಹಗಲು ಲೆಡ್ಜರ್, ಉಳಿದ ಹೊತ್ತು ಓದು. ಕೆಲಸ ಬಿಡದೆಯೇ ರಾಯಲ್ ಯೂನಿವರ್ಸಿಟಿಯಿಂದ 1907ರಲ್ಲಿ ತತ್ತ್ವಶಾಸ್ತ್ರದ ಪದವಿ ತಗೊಂಡರು. ಆಮೇಲೆ ಕೌಂಟಿಯ ಊರೂರಿಗೆ ಹೋಗಿ ವಾಣಿಜ್ಯದ ಪಾಠ ಹೇಳಿದರು. ಇನ್ನೊಬ್ಬರು ಸ್ವಾತಂತ್ರ್ಯ ಹೋರಾಟದ ಮೈಕಲ್ ಕಾಲಿನ್ಸ್. ಕಾರ್ಕ್ ಕೌಂಟಿಯ ಒಕ್ಕಲು ಮನೆಯ ಹುಡುಗ. ಅಂಚೆ ಇಲಾಖೆಯ ಪರೀಕ್ಷೆ ಬರೆದು 1906ರಲ್ಲಿ ಲಂಡನ್ನಿಗೆ ಹೋಗಿ ಪೋಸ್ಟ್ ಆಫೀಸ್ ಸೇವಿಂಗ್ಸ್ ಬ್ಯಾಂಕಿನಲ್ಲಿ ಗುಮಾಸ್ತ, ಆಮೇಲೆ ಷೇರು ದಲ್ಲಾಳಿಗಳ ಆಫೀಸು, ಆಮೇಲೆ ಅಮೆರಿಕದ ಒಂದು ಟ್ರಸ್ಟ್ ಕಂಪನಿಯ ಲಂಡನ್ ಶಾಖೆ. 1919ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಐರಿಷ್ ಸರ್ಕಾರಕ್ಕೆ ಅವರನ್ನು ಹಣಕಾಸು ಮಂತ್ರಿ ಮಾಡಿದಾಗ ಅದಕ್ಕೆ ಖಜಾನೆಯೇ ಇರಲಿಲ್ಲ. ಪೊಲೀಸರು ಬೆನ್ನು ಹತ್ತಿದ್ದರೂ ಊರೂರಿನಿಂದ ಸುಮಾರು 3,70,000 ಪೌಂಡ್ ಸಾಲ ಎತ್ತಿದರು, ಒಬ್ಬೊಬ್ಬರಿಗೂ ರಶೀದಿ ಕೊಟ್ಟು. ಆ ಶಿಸ್ತು ಎಲ್ಲಿಂದ ಬಂತು? ಸೇವಿಂಗ್ಸ್ ಬ್ಯಾಂಕಿನ ಕಟ್ಟೆಯಿಂದ.

ತಮ್ಮ: ಅವರ ಕಾಲಕ್ಕೆ ಗುಮಾಸ್ತರಾಗೋದೇ ದೊಡ್ಡದಿತ್ತೇನೋ.

ಅಕ್ಕ: ಅವರ ಕಾಲಕ್ಕೂ ಬೇಲಿ ಇತ್ತು. ಐರ್ಲೆಂಡಿನ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ ಹುಟ್ಟಿದ್ದು 1888ರಲ್ಲಿ. ಆಗೆಲ್ಲ ಈ ದ್ವೀಪಗಳಲ್ಲಿ ಕಸುಬು ಕಲಿಯಬೇಕಾದರೆ ಕಲಿಯುವ ಹುಡುಗನ ಅಪ್ಪನೇ ಗುರುವಿಗೆ ಕೈತುಂಬ ದುಡ್ಡು ಕಟ್ಟಬೇಕಿತ್ತು. ವರ್ಷಗಟ್ಟಲೆ ಸಂಬಳ ಇಲ್ಲ, ಇದ್ದರೂ ಪುಡಿಗಾಸು. ಲೆಡ್ಜರ್ ಬರೆಯುವವನು ಸಂಬಳದ ಗುಮಾಸ್ತ, ಸಹಿ ಹಾಕುವವನು ದುಡ್ಡು ಕಟ್ಟಿ ಕಲಿತವನು. ಇದು ಸರಿಯಲ್ಲ ಅಂತಲೇ 1904ರಲ್ಲಿ ಲಂಡನ್ನಿನಲ್ಲಿ ಎಂಟು ಜನ ಸೇರಿ ಬೇರೊಂದು ಸಂಘ ಮಾಡಿದರು. ಈಗಿನ ಎಸಿಸಿಎ ಅದೇ. ಐದು ವರ್ಷಕ್ಕೆ, 1909ರಲ್ಲಿ, ಎಥೆಲ್ ಆಯರ್ಸ್ ಪರ್ಡಿ ಎಂಬ ಹೆಂಗಸನ್ನು ಸದಸ್ಯೆಯಾಗಿ ಸೇರಿಸಿಕೊಂಡರು. ಉಳಿದ ಸಂಸ್ಥೆಗಳು ಅಷ್ಟು ಹೊತ್ತಿಗೆ ಹೆಂಗಸರಿಗೆ ಬಾಗಿಲೇ ತೆಗೆದಿರಲಿಲ್ಲ. ನಾನು ಎಸಿಸಿಎ ಬರೆದದ್ದು ಅದು ಸುಲಭ ಅಂತಲ್ಲ, ಅದರಲ್ಲಿ ಸುಲಭ ಇಲ್ಲ. ಸಂಬಳ ತಗೊಳ್ಳುತ್ತಲೇ ಬರೆಯಬಹುದು ಅಂತ.

ತಮ್ಮ: ನೀವು ಊರಲ್ಲೇ ಸಿಎ ಮಾಡಬಹುದಿತ್ತಲ್ಲ?

ಅಕ್ಕ: ಆಸೆ ಇತ್ತು. ನನ್ನ ಅಮ್ಮ ಬೀಡಿ ಕಟ್ಟುವವಳು. ಸಿಎ ತರಬೇತಿಯ ಆರ್ಟಿಕಲ್‌ಶಿಪ್‌ಗೆ ಆಗ ಸಿಗುತ್ತಿದ್ದ ಸ್ಟೈಪೆಂಡ್‌ನಲ್ಲಿ ಮಂಗಳೂರಿನ ಹಾಸ್ಟೆಲ್ ಖರ್ಚೂ ಹುಟ್ಟುತ್ತಿರಲಿಲ್ಲ. ಮನೆಗೆ ಕಳಿಸುವುದಂತೂ ದೂರದ ಮಾತು. ಮೂರು ವರ್ಷ ಮನೆಯಿಂದಲೇ ದುಡ್ಡು ತರಿಸಿಕೊಂಡು ಕಲಿಯಬಲ್ಲವರಿಗೆ ಮಾಡಿದ ಏರ್ಪಾಡು ಅದು. ಹಾಗಾಗಿ ಬಿ.ಕಾಂ. ಮುಗಿಸಿ ಗೊಬ್ಬರದ ಅಂಗಡಿಯಲ್ಲಿ ಲೆಕ್ಕಕ್ಕೆ ಸೇರಿದೆ. ಮದುವೆಯಾಗಿ ಇಲ್ಲಿಗೆ ಬಂದಾಗ ಗಂಡನ ಪರ್ಮಿಟ್‌ನ ಮೇಲೆ ಬಂದ ಹೆಂಡತಿ ಕೆಲಸ ಮಾಡಬೇಕಾದರೆ ತನ್ನದೇ ಬೇರೆ ಪರ್ಮಿಟ್ ತರಬೇಕಿತ್ತು. ಆ ನಿಯಮ 2019ರ ಮಾರ್ಚ್‌ನಲ್ಲಿ ಸಡಿಲವಾಯಿತು. ಅಲ್ಲಿವರೆಗೆ ಮನೆಯಲ್ಲಿ ಕೂತು ಪೇಪರ್ ಮೇಲೆ ಪೇಪರ್ ಬರೆದೆ. ಆಮೇಲೆ ಸಿಕ್ಕ ಮೊದಲ ಕೆಲಸ ಬಿಲ್ ಪಾವತಿ ವಿಭಾಗದಲ್ಲಿ. ಬರುವ ಇನ್‌ವಾಯ್ಸ್ ನೋಡು, ಆರ್ಡರ್ ಜೊತೆ ಹೊಂದಿಸು, ಸರಕು ಬಂದ ಚೀಟಿ ಜೊತೆ ಹೊಂದಿಸು, ಮೂರೂ ಹೊಂದಿದರೆ ಪಾವತಿ. ಮೊದಲ ದಿನವೇ ನನಗೆ ಅದು ಗೊತ್ತಿದ್ದ ಕೆಲಸ ಅನ್ನಿಸಿತು. ಯಾಕೆ ಹೇಳು?

ತಮ್ಮ: ಗೊಬ್ಬರದ ಅಂಗಡಿ?

ಅಕ್ಕ: ಅದಕ್ಕೂ ಮೊದಲು. ಬೀಡಿ ಬ್ರಾಂಚ್. ಬ್ರಾಂಚಿನಲ್ಲಿ ಎಲೆ, ತಂಬಾಕು ತೂಕ ಮಾಡಿ ಕೊಡುತ್ತಾರೆ. ಇಷ್ಟು ತೂಕಕ್ಕೆ ಇಷ್ಟು ಬೀಡಿ ಬರಬೇಕು ಅಂತ ಲೆಕ್ಕ. ಎಲೆ ಒಣಗಿದ್ದರೆ ಬೀಡಿ ಕಮ್ಮಿ ಬೀಳುತ್ತದೆ, ಕಮ್ಮಿ ಬಿದ್ದದ್ದನ್ನು ಮಜೂರಿಯಲ್ಲಿ ಹಿಡಿಯುತ್ತಾರೆ. ಸರಿಯಿಲ್ಲ ಅಂತ ಬದಿಗೆ ಹಾಕಿದ ಕಟ್ಟಿನ ಲೆಕ್ಕ ಬೇರೆ. ಅಮ್ಮ ಅಷ್ಟೇನೂ ಓದಿದವಳಲ್ಲ. ಆದರೆ ಪಾಸ್‌ಬುಕ್ಕಿನ ಪ್ರತೀ ಸಾಲನ್ನು ತನ್ನ ತಲೆಯಲ್ಲಿದ್ದ ಲೆಕ್ಕದ ಜೊತೆ ತಾಳೆ ನೋಡದೆ ಒಂದು ವಾರವೂ ಬ್ರಾಂಚಿನಿಂದ ಹಿಂದೆ ಬಂದದ್ದಿಲ್ಲ. ಕೊಟ್ಟ ಕಚ್ಚಾ ಸಾಮಾನು, ಬಂದ ಸರಕು, ನಷ್ಟ, ಮಜೂರಿ. ಇದನ್ನೇ ಇಲ್ಲಿ ನಾನು ದೊಡ್ಡ ಕಂಪ್ಯೂಟರ್ ಮುಂದೆ ಕೂತು ಮಾಡುವುದು. ನಮ್ಮ ಮನೆಗೆ ಸಂಜೆ ಪಿಗ್ಮಿಯವರು ಬರುತ್ತಿದ್ದರು. ಅವರ ಚೀಲ, ರಶೀದಿ ಪುಸ್ತಕ ನೋಡಿಯೇ ಬ್ಯಾಂಕು ಅಂದರೆ ಎಂತ ಅಂತ ನನಗೆ ಗೊತ್ತಾದದ್ದು.

ತಮ್ಮ: ಪಿಗ್ಮಿ ಅಂದರೆ ದಿನಾ ಸಣ್ಣ ದುಡ್ಡು ಕಟ್ಟೋದಲ್ವಾ? ಅಮ್ಮ ಹೇಳ್ತಿದ್ದರು.

ಅಕ್ಕ: 1925ರಲ್ಲಿ ಉಡುಪಿಯಲ್ಲಿ ಒಬ್ಬ ಡಾಕ್ಟರು, ಒಬ್ಬ ಇಂಜಿನಿಯರು, ಒಬ್ಬ ವ್ಯಾಪಾರಿ ಸೇರಿ ಒಂದು ಬ್ಯಾಂಕು ಮಾಡಿದರು. ಟಿ. ಎಂ. ಎ. ಪೈ, ವಾಮನ ಕುಡ್ವ, ಉಪೇಂದ್ರ ಪೈ. ಬಂಡವಾಳ 8,000 ರೂಪಾಯಿ. ಕೈಮಗ್ಗದವರ ಕಷ್ಟ ನೋಡಿ ಮಾಡಿದ್ದು. 1928ರಲ್ಲಿ ಪಿಗ್ಮಿ ಶುರುವಾಯಿತು: ದಿನಕ್ಕೆ ಎರಡಾಣೆ, ಬ್ಯಾಂಕಿನವರೇ ಮನೆಬಾಗಿಲಿಗೆ ಬಂದು ತಗೊಂಡು ಹೋಗುವುದು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು, ಅದು ಬೇರೆ ಸಂಕಟ. ನಾನು ಹೇಳುವುದು ಇಷ್ಟು: ದಿನಗೂಲಿಯವರ ಎರಡಾಣೆ ಮೇಲೆ ದೊಡ್ಡ ಬ್ಯಾಂಕು ಎದ್ದು ನಿಂತಿತು. 1969ರ ರಾಷ್ಟ್ರೀಕರಣದ ನಂತರ ಹಳ್ಳಿಹಳ್ಳಿಗೆ ಶಾಖೆ ಬಂತು, ಪರೀಕ್ಷೆ ಬರೆದು ಪಾಸಾದ ರೈತರ ಮಕ್ಕಳು, ಮೇಷ್ಟ್ರ ಮಕ್ಕಳು ಕೌಂಟರಿನ ಆಚೆ ಬದಿಗೆ ಹೋಗಿ ಕೂತರು. ನಮ್ಮ ಜಿಲ್ಲೆಯಲ್ಲಿ ಬ್ಯಾಂಕಿನ ಕೆಲಸಕ್ಕೆ ಹೋಗುವುದು ದೊಡ್ಡವರ ಮನೆಗೆ ಕಾಲಿಡುವುದು ಅಂತ ಯಾರಿಗೂ ಅನ್ನಿಸಲಿಲ್ಲ. ನಮ್ಮದೇ ದುಡ್ಡು, ನಮ್ಮದೇ ಲೆಕ್ಕ. ನೀನು ಹಾಗಲ್ಲ, ಅರ್ಜಿ ಹಾಕುವ ಮೊದಲೇ ಕ್ಷಮೆ ಕೇಳುವವನ ಹಾಗೆ ನಿಂತಿದ್ದೀ.

ತಮ್ಮ: ಯಾಕೆ ನಿಲ್ಲಬಾರದು? ಆ ಕಡೆಯವರೂ ಹಾಗೇ ನೋಡ್ತಾರೆ. ಇಂಟರ್ನ್‌ಷಿಪ್ ಏನು ಮಾಡಿದ್ದೀಯಾ ಅಂತ ಒಂದು ಖಾನೆ ಇರುತ್ತೆ. ನಾನು ಬೇಸಿಗೆಯಲ್ಲಿ ಮಾಡಿದ್ದು ಕೌಂಟರ್. ಬರೆಯೋಕೆ ಏನಿದೆ?

ಅಕ್ಕ: ರಾತ್ರಿ ಅಂಗಡಿ ಮುಚ್ಚುವಾಗ ನೀನು ಎಂತ ಮಾಡ್ತೀ? ಒಂದೊಂದಾಗಿ ಹೇಳು, ಅವಸರ ಬೇಡ.

ತಮ್ಮ: ಮೊದಲು ಮಾರನೇ ದಿನದ ಚಿಲ್ಲರೆ ತೆಗೆದಿಡ್ತೀನಿ. ಉಳಿದ ನೋಟು, ನಾಣ್ಯ ಎಣಿಸ್ತೀನಿ. ಕಾರ್ಡ್ ಮೆಷಿನ್ನಿನ ಮೊತ್ತ ತೆಗೀತೀನಿ. ಗಲ್ಲಾದಲ್ಲಿ ದಿನದ ಒಟ್ಟು ಮಾರಾಟ ತೋರಿಸುವ ಝಡ್ ರಿಪೋರ್ಟ್ ಜೊತೆ ಹೋಲಿಸ್ತೀನಿ. ಹೆಚ್ಚುಕಮ್ಮಿ ಬಂದರೆ ಬರೆದಿಟ್ಟು ಸಹಿ. ಇನ್ನೊಬ್ಬರು ಮತ್ತೆ ಎಣಿಸಿ ಸಹಿ ಹಾಕ್ತಾರೆ. ಚೀಲಕ್ಕೆ ಸೀಲ್, ತಿಜೋರಿ.

ಅಕ್ಕ: ಇನ್ನೊಬ್ಬರು ಯಾಕೆ ಎಣಿಸಬೇಕು?

ತಮ್ಮ: ಎಣಿಸಿದವನೇ ದಾಖಲೆಯನ್ನೂ ಬರೆದರೆ, ಯಾರಾದರೂ ತೆಗೆದರೂ ಗೊತ್ತಾಗಲ್ಲವಲ್ಲ.

ಅಕ್ಕ: ಆಡಿಟ್‌ನ ಅರ್ಧ ಪಾಠ ಇದೇ ಮಾರಾಯ. ದುಡ್ಡು ಮುಟ್ಟುವವನು ಬೇರೆ, ದಾಖಲೆ ಬರೆಯುವವನು ಬೇರೆ, ಒಪ್ಪಿಗೆ ಕೊಡುವವನು ಬೇರೆ. ಕಾಲೇಜಿನಲ್ಲಿ ಇದನ್ನು ನೀನು ಪುಸ್ತಕದಲ್ಲಿ ಓದಿದ್ದೀ, ಅಂಗಡಿಯಲ್ಲಿ ದಿನಾ ಮಾಡುತ್ತೀ, ಎರಡೂ ಒಂದೇ ಅಂತ ನಿನಗೆ ಹೊಳೆದಿಲ್ಲ. ಯಾವಾಗಲಾದರೂ ವ್ಯತ್ಯಾಸ ಬಂದದ್ದನ್ನು ನೀನು ಹುಡುಕಿ ಹಿಡಿದದ್ದುಂಟಾ?

ತಮ್ಮ: ಉಂಟು. ಶುಕ್ರವಾರಗಳಲ್ಲೇ ಹೆಚ್ಚು ಬರ್ತಿತ್ತು, ಅದೂ ದುಂಡಗಿನ ಮೊತ್ತ: ಇಪ್ಪತ್ತು, ಐವತ್ತು ಯೂರೋ. ಕಳ್ಳತನ ಅಂತ ಎಲ್ಲರಿಗೂ ಅನುಮಾನ. ನಾನು ಹಳೇ ರಿಪೋರ್ಟ್‌ಗಳನ್ನು ತೆಗೆದು ನೋಡಿದೆ. ಗಿಫ್ಟ್ ವೋಚರ್ ಮಾರಿದ್ದನ್ನು ಹೊಸ ಹುಡುಗರು ಬೇರೆ ಬಟನ್‌ನಲ್ಲಿ ಹೊಡೀತಿದ್ದರು. ಮಾರಾಟವಾಗಿ ಒಂದು ಸಲ, ವೋಚರ್ ಬಳಸಿದಾಗ ಇನ್ನೊಂದು ಸಲ ಲೆಕ್ಕಕ್ಕೆ ಬರ್ತಿತ್ತು.

ಅಕ್ಕ: ವೋಚರ್ ಮಾರಿದ ದಿನ ಅಂಗಡಿಗೆ ಬಂದದ್ದು ಆದಾಯವಾ?

ತಮ್ಮ: ಅಲ್ಲ. ಗ್ರಾಹಕರಿಗೆ ನಾವು ಇನ್ನೂ ಸಾಮಾನು ಕೊಡಬೇಕಲ್ಲ, ಹಾಗಾಗಿ ಅದು ಋಣ. ಬಳಸಿದ ದಿನ ಆದಾಯ.

ಅಕ್ಕ: ಇಷ್ಟನ್ನು ಇಂಟರ್‌ವ್ಯೂನಲ್ಲಿ ಹೀಗೇ ಹೇಳು. ಎಂತ ಕಂಡಿತು, ಯಾಕೆ ಅನುಮಾನ ಬಂತು, ಯಾವ ಕಾಗದ ತೆಗೆದು ನೋಡಿದೆ, ಕಾರಣ ಎಂತ, ಆಮೇಲೆ ಯಾವ ಬದಲಾವಣೆ ಮಾಡಿದಿರಿ. ನಾಲ್ಕು ನಿಮಿಷದ ಕಥೆ. ನಾನು ಇಂಟರ್‌ವ್ಯೂ ಮಾಡುವ ಕಡೆ ಕೂರುತ್ತೇನೆ, ಹಾಗಾಗಿ ಹೇಳುತ್ತೇನೆ: ಅಪ್ಪನ ಸ್ನೇಹಿತರ ಆಫೀಸಿನಲ್ಲಿ ಆರು ವಾರ ಕೂತು ಕಾಫಿ ಕುಡಿದು ಬಂದವನ ಇಂಟರ್ನ್‌ಷಿಪ್‌ಗಿಂತ ಈ ಶುಕ್ರವಾರದ ಇಪ್ಪತ್ತು ಯೂರೋ ನನಗೆ ಬೆಲೆಯದ್ದು. ನಮ್ಮ ವಿಭಾಗದಲ್ಲಿ ನಾನು ಕೇಳುವ ಪ್ರಶ್ನೆಯನ್ನೇ ಬದಲಿಸಿದ್ದೇನೆ. ಎಲ್ಲಿ ಇಂಟರ್ನ್‌ಷಿಪ್ ಮಾಡಿದೆ ಅಂತ ಕೇಳುವುದಿಲ್ಲ. ಬೇರೆಯವರ ದುಡ್ಡು ಅಥವಾ ಸಾಮಾನು ನಿನ್ನ ಕೈಯಲ್ಲಿ ಇದ್ದಾಗ ತಪ್ಪು ಹೇಗೆ ಹಿಡಿದೆ ಅಂತ ಕೇಳುತ್ತೇನೆ. ಆ ಪ್ರಶ್ನೆಗೆ ಪೆಟ್ರೋಲ್ ಬಂಕಿನಲ್ಲಿ ದುಡಿದವರು, ಹೋಟೆಲಲ್ಲಿ ದುಡಿದವರು ಚೆನ್ನಾಗಿ ಉತ್ತರ ಕೊಡುತ್ತಾರೆ.

ತಮ್ಮ: ನೀವು ಕೇಳ್ತೀರಿ. ಎಲ್ಲರೂ ಕೇಳಲ್ಲ. ಲಂಡನ್ನಿನ ಬ್ಯಾಂಕುಗಳಲ್ಲಿ ಸೂಟಿನ ಜೊತೆ ಕಂದು ಬಣ್ಣದ ಶೂ ಹಾಕಿಕೊಂಡು ಬಂದವನನ್ನು ಕಂಡರೆ ಮೂಗು ಮುರೀತಾರಂತೆ.

ಅಕ್ಕ: 2016ರಲ್ಲಿ ಬ್ರಿಟನ್ನಿನ ಸರ್ಕಾರಿ ಆಯೋಗವೊಂದು ಹೊರತಂದ ವರದಿಯಲ್ಲಿ ಇದ್ದದ್ದು ಅದು. ನಿಜ. ಕಪ್ಪು ಶೂ ಹಾಕಬೇಕು ಅಂತ ಅಪ್ಪ ಹೇಳಿಕೊಡದ ಹುಡುಗ ಹೊರಗೆ. ಒಳಗೆ ಹೋದ ಮೇಲೂ ಮುಗಿಯುವುದಿಲ್ಲ. 2020ರಲ್ಲಿ ಬ್ರಿಟನ್ನಿನ ಎಂಟು ಹಣಕಾಸು ಸಂಸ್ಥೆಗಳನ್ನು ಹೊಕ್ಕು ನೋಡಿದ ಅಧ್ಯಯನದಲ್ಲಿ, ದುಡಿಯುವ ಮನೆಗಳಿಂದ ಬಂದವರು ಮೇಲಿನ ಹುದ್ದೆಗೆ ಏರಲು ಉಳಿದವರಿಗಿಂತ ಶೇಕಡಾ 25 ಹೆಚ್ಚು ಸಮಯ ತಗೊಳ್ಳುತ್ತಾರೆ ಅಂತ ಕಂಡಿತು. ಕೆಲಸದಲ್ಲಿ ಅವರು ಹಿಂದೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಇದನ್ನು ನಿನ್ನಿಂದ ಮುಚ್ಚಿಟ್ಟು ಧೈರ್ಯ ಹೇಳುವುದು ನನಗೆ ಬೇಡ. ಇಲ್ಲಿಯ ಉದ್ಯೋಗ ಸಮಾನತೆಯ ಕಾನೂನು 1998ರದ್ದು. ಲಿಂಗ, ವಯಸ್ಸು, ಜನಾಂಗ, ಧರ್ಮ ಅಂತ ಒಂಬತ್ತು ಆಧಾರಗಳನ್ನು ಹೆಸರಿಸುತ್ತದೆ. ಬಡತನ, ಹುಟ್ಟಿದ ಬೀದಿ ಅದರಲ್ಲಿ ಇಲ್ಲ. ಭಾರತದವನು ಅಂತ ನಿನ್ನನ್ನು ಬಿಟ್ಟರೆ ನೀನು ದೂರು ಕೊಡಬಹುದು. ಹಾಲಿಹಿಲ್‌ನವನು ಅಂತ ಬಿಟ್ಟರೆ ದೂರು ಕೊಡುವುದಕ್ಕೆ ಸೆಕ್ಷನ್ನೇ ಇಲ್ಲ. ಅದು ಬರಬೇಕು. ಬರುವವರೆಗೆ ನಮ್ಮಂಥ ಒಳಗಿರುವವರ ಕೆಲಸ ದೊಡ್ಡದುಂಟು.

ತಮ್ಮ: ಹಾಗಾದರೆ ಅರ್ಜಿಯಲ್ಲಿ ವಿಳಾಸ ಹಾಲಿಹಿಲ್ ಅಂತ ಹಾಕಲಾ, ಬರೀ ಕಾರ್ಕ್ ಅಂತ ಹಾಕಲಾ? ಕ್ಲಾಸಿನಲ್ಲಿ ಕೆಲವರು ಹಾಗೇ ಮಾಡ್ತಾರೆ.

ಅಕ್ಕ: ಹಾಲಿಹಿಲ್ ಅಂತಲೇ ಹಾಕು. ಜಗತ್ತಿನ ಅತಿ ದೊಡ್ಡ ತೆರಿಗೆ ಜಗಳಗಳಲ್ಲಿ ಒಂದು ನಡೆದದ್ದು ಈ ವಿಳಾಸದ ಮೇಲೆ. ಆ್ಯಪಲ್ 1980ರಲ್ಲಿ 60 ಜನರನ್ನು ಇಟ್ಟುಕೊಂಡು ಈ ಗುಡ್ಡಕ್ಕೆ ಬಂತು. ಅದರ ಐರಿಷ್ ಕಂಪನಿಗಳ ನೋಂದಾಯಿತ ವಿಳಾಸ ಹಾಲಿಹಿಲ್ ಇಂಡಸ್ಟ್ರಿಯಲ್ ಎಸ್ಟೇಟ್. 2016ರಲ್ಲಿ ಯುರೋಪಿಯನ್ ಕಮಿಷನ್ 13 ಬಿಲಿಯನ್ ಯೂರೋ ತೆರಿಗೆ ವಸೂಲಿ ಮಾಡಿ ಅಂತ ಐರ್ಲೆಂಡಿಗೆ ಹೇಳಿತು. ಕಂಪನಿಯೂ ಸರ್ಕಾರವೂ ಒಟ್ಟಿಗೆ ಕೋರ್ಟಿಗೆ ಹೋದವು. 2024ರ ಸೆಪ್ಟೆಂಬರ್ 10ಕ್ಕೆ ಯುರೋಪಿನ ನ್ಯಾಯಾಲಯ ಕಮಿಷನ್ನಿನ ಮಾತನ್ನೇ ಎತ್ತಿಹಿಡಿಯಿತು. ಆ ದುಡ್ಡು ಯಾರದ್ದಾಗಬೇಕಿತ್ತು ಅನ್ನುವ ಬಗ್ಗೆ ಈ ಸಾಲುಮನೆಗಳಲ್ಲಿ ಇರುವವರಿಗೆ ಅಭಿಪ್ರಾಯ ಇರಬೇಕು. ಇರಬೇಕಾದರೆ ಬ್ಯಾಲೆನ್ಸ್ ಶೀಟು ಓದಲು ಬರುವವರು ಈ ಬೀದಿಯಲ್ಲೂ ಬೇಕು. ನೀನು ಲೆಕ್ಕ ಕಲಿಯುವುದು ನಿನ್ನ ಸಂಬಳಕ್ಕೆ ಮಾತ್ರ ಅಂತ ನಾನು ತಿಳಿದಿಲ್ಲ.

ತಮ್ಮ: ಅದು ದೊಡ್ಡ ಮಾತಾಯ್ತು ಅಕ್ಕ. ನನಗೆ ಜೂನ್‌ನಿಂದ ಬಾಡಿಗೆಗೆ ಕೊಡಬೇಕು. ಅಮ್ಮನ ಬೆನ್ನು ಮೊದಲಿನ ಹಾಗಿಲ್ಲ.

ಅಕ್ಕ: ಹೌದು, ಬಾಡಿಗೆಯಿಂದಲೇ ಶುರು ಮಾಡುವ. ಪದವಿ ಮುಗಿಸಿದ ಮೇಲೆ ನಿನಗೆ ಎಸಿಸಿಎಯ ಹದಿಮೂರು ಪೇಪರ್‌ಗಳಲ್ಲಿ ಒಂದಿಷ್ಟು ಬಿಟ್ಟುಕೊಡುತ್ತಾರೆ. ಎಷ್ಟು ಅಂತ ನಿನ್ನ ಕೋರ್ಸ್ ನೋಡಿ ಹೇಳುತ್ತಾರೆ. ಉಳಿದದ್ದನ್ನು ಕೆಲಸದಲ್ಲಿದ್ದೇ ಬರೆಯಬಹುದು. ಮೂರು ವರ್ಷದ ಅನುಭವವೂ ಅದರ ಜೊತೆಗೇ ಆಗುತ್ತದೆ. ಫಂಡ್ ಲೆಕ್ಕದ ಕೆಲಸ, ಬಿಲ್ ಪಾವತಿ ಕೆಲಸ, ಸಣ್ಣ ಆಡಿಟ್ ಆಫೀಸು, ಮೂರಕ್ಕೂ ಅರ್ಜಿ ಹಾಕು. ನನ್ನನ್ನು ಕೇಳಿದರೆ ಸಣ್ಣ ಆಫೀಸನ್ನು ಮೇಲೆ ಇಡುತ್ತೇನೆ. ದೊಡ್ಡ ಸಂಸ್ಥೆಯಲ್ಲಿ ಮೊದಲ ವರ್ಷ ಪೂರ್ತಿ ಒಂದು ಕಂಪನಿಯ ದಾಸ್ತಾನು ಮಾತ್ರ ಎಣಿಸಿದರೂ ಎಣಿಸಿದೆ. ಸಣ್ಣ ಆಫೀಸಿನಲ್ಲಿ ಮೀನಂಗಡಿಯವನು ಡಬ್ಬದಲ್ಲಿ ತುಂಬಿ ತಂದ ರಶೀದಿಗಳಿಂದ ಹಿಡಿದು ತೆರಿಗೆ ಕಟ್ಟುವವರೆಗೆ ಇಡೀ ಲೆಕ್ಕ ನಿನ್ನ ಕೈಯಲ್ಲಿ ಹಾದುಹೋಗುತ್ತದೆ. ಸಂಬಳ ಸ್ವಲ್ಪ ಕಮ್ಮಿ ಇರಬಹುದು, ಅದನ್ನು ಮೊದಲೇ ಲೆಕ್ಕ ಹಾಕಬೇಕು. ಇಂಟರ್‌ವ್ಯೂ ಕೊನೆಗೆ ನಿನ್ನ ಪ್ರಶ್ನೆ ಎಂತ ಅಂತ ಕೇಳುತ್ತಾರಲ್ಲ, ಆಗ ಕೇಳು: ಪರೀಕ್ಷೆಯ ಶುಲ್ಕ ಯಾರು ಕಟ್ಟುತ್ತೀರಿ? ಓದಲು ರಜೆ ಎಷ್ಟು ದಿನ, ಸಂಬಳ ಸಮೇತವಾ? ಒಂದು ಪೇಪರ್ ಹೋದರೆ ಎರಡನೇ ಸಲದ ಶುಲ್ಕ? ಮಧ್ಯದಲ್ಲಿ ಬಿಟ್ಟುಹೋದರೆ ಹಿಂದೆ ಕೊಡಬೇಕಾ? ನಾಚಿಕೆ ಪಡಬೇಡ, ಇದು ಒಪ್ಪಂದದ ಮಾತು. ಅಪ್ಪನ ಬೆಂಬಲ ಇರುವವನಿಗೆ ಈ ನಾಲ್ಕು ಉತ್ತರ ಹೇಗಿದ್ದರೂ ನಡೆಯುತ್ತದೆ. ನಿನಗೆ ನಡೆಯುವುದಿಲ್ಲ.

ತಮ್ಮ: ಅಕ್ಟೋಬರ್‌ನಲ್ಲಿ ದೊಡ್ಡ ಸಂಸ್ಥೆಗಳಿಗೆ?

ಅಕ್ಕ: ಆಗಲೂ ಹಾಕು. ಅಷ್ಟು ಹೊತ್ತಿಗೆ ನೀನು ನಾಲ್ಕು ತಿಂಗಳ ಕೆಲಸಗಾರ. ಇನ್ನೊಂದು, ಇಲ್ಲಿಯ ಕ್ರೆಡಿಟ್ ಯೂನಿಯನ್ನಿಗೆ ಹೋಗಿ ಸ್ವಯಂಸೇವಕರು ಬೇಕಾ ಅಂತ ಕೇಳು. ಅದು ನಮ್ಮ ಪಿಗ್ಮಿಯ ಅಕ್ಕತಂಗಿಯ ಹಾಗೆ. ನೋರಾ ಹರ್ಲಿಹಿ ಅಂತ ಇದೇ ಕಾರ್ಕ್ ಕೌಂಟಿಯಲ್ಲಿ ಹುಟ್ಟಿದ ಶಾಲಾ ಟೀಚರು. ಡಬ್ಲಿನ್ನಿನಲ್ಲಿ ಪಾಠ ಹೇಳುವಾಗ ಬಡ್ಡಿ ಸಾಲದಲ್ಲಿ ಮುಳುಗಿದ ಮನೆಗಳನ್ನು ಕಂಡರು. ಗೆಳೆಯರ ಜೊತೆ ಸೇರಿ ಪಟ್ಟುಹಿಡಿದು 1958ರಲ್ಲಿ ಮೊದಲ ಕ್ರೆಡಿಟ್ ಯೂನಿಯನ್‌ಗಳು ಶುರುವಾಗುವ ಹಾಗೆ ಮಾಡಿದರು, 1966ರಲ್ಲಿ ಅದಕ್ಕೆ ಕಾಯ್ದೆಯೇ ಬಂತು. ಸದಸ್ಯರದ್ದೇ ದುಡ್ಡು, ಸದಸ್ಯರೇ ಆರಿಸಿದ ಸಮಿತಿ. ಸಾಲದ ಅರ್ಜಿಯನ್ನು ಎದುರಿಗೆ ಮನುಷ್ಯನನ್ನು ಕೂರಿಸಿಕೊಂಡು ನೋಡುವುದು ಅಲ್ಲಿ ಕಲಿಯಬಹುದು.

ತಮ್ಮ: ಇನ್ನೊಂದು ವಿಷಯಕ್ಕೆ ನನಗೆ ಸಿಟ್ಟು ಬಂದಿದೆ. ತಂಗಿ ಶಾಲೆಯ ಕೊನೆಯ ಪರೀಕ್ಷೆ ಲೀವಿಂಗ್ ಸರ್ಟ್‌ನ ವರ್ಷದಲ್ಲಿದ್ದಾಳಲ್ಲ. ಅವಳಿಗೂ ಅಕೌಂಟಿಂಗ್ ಇಷ್ಟ. ಪರಿಚಯದವರೊಬ್ಬರು ಅವಳಿಗೆ ಅಪ್ರೆಂಟಿಸ್‌ಶಿಪ್ ಸಾಕು ಅಂದರು. ಇದೇ ಮಾತನ್ನು ನಗರದ ಆಚೆ ಬದಿಯ ಹುಡುಗಿಗೆ ಹೇಳ್ತಾರಾ? ನಮಗೆ ಮಾತ್ರ ಪಕ್ಕದ ಬಾಗಿಲು ಯಾಕೆ?

ಅಕ್ಕ: ಸಿಟ್ಟು ನ್ಯಾಯದ್ದು. ಸಾಕು ಅನ್ನುವ ಮಾತಿಗೆ ನನಗೂ ಸಿಟ್ಟು ಬರುತ್ತದೆ. ಆದರೆ ಆ ಮಾತಿನ ಸಿಟ್ಟನ್ನು ಆ ದಾರಿಯ ಮೇಲೆ ಹಾಕಬೇಡ. ಅಕೌಂಟಿಂಗ್ ಟೆಕ್ನೀಷಿಯನ್ ಅಪ್ರೆಂಟಿಸ್‌ಶಿಪ್ ಶುರುವಾದದ್ದು 2017ರಲ್ಲಿ. ಎರಡು ವರ್ಷ, ಸಂಬಳದ ಕೆಲಸ, ಕೆಲಸದ ವಾರದೊಳಗೇ ಕ್ಲಾಸಿಗೆ ಸಮಯ. ಮುಗಿಸಿದವರಿಗೆ ಚಾರ್ಟರ್ಡ್ ಕಡೆಗೂ ಎಸಿಸಿಎ ಕಡೆಗೂ ದಾರಿ ಉಂಟು. ನನಗೆ ಹದಿನೆಂಟಕ್ಕೆ ಇಂಥದ್ದು ಸಿಕ್ಕಿದ್ದರೆ ಬಿಡುತ್ತಿರಲಿಲ್ಲ. ಇದು ಬಡವರ ಮಕ್ಕಳಿಗೆ ಮಾತ್ರ ಅಂತ ಆದ ದಿನ ಇದು ಕೆಟ್ಟುಹೋಗುತ್ತದೆ. ಸಿರಿವಂತರ ಮಕ್ಕಳೂ ಈ ದಾರಿಯಲ್ಲಿ ಬರಬೇಕು, ನಿನ್ನ ತಂಗಿಗೆ ವಿಶ್ವವಿದ್ಯಾಲಯದ ಬಾಗಿಲೂ ತೆರೆದಿರಬೇಕು. ಎರಡೂ ಕೈಯಲ್ಲಿ ಇಟ್ಟುಕೊಂಡು ಆರಿಸಿದರೆ ಅದು ಆಯ್ಕೆ. ಕಾಲೇಜು ಪ್ರವೇಶಕ್ಕೆ ಸಿಎಒ ಅರ್ಜಿ ಹಾಕಿದ್ದಾಳಲ್ಲ?

ತಮ್ಮ: ಫೆಬ್ರವರಿ 1ರೊಳಗೆ ಹಾಕಿದ್ದಾಳೆ. ಇಲ್ಲಿಯ ವಿಶ್ವವಿದ್ಯಾಲಯ ಯುಸಿಸಿ ಮೊದಲು.

ಅಕ್ಕ: ಹಿಯರ್‌ಗೆ?

ತಮ್ಮ: ಅದೇನದು?

ಅಕ್ಕ: ಅಯ್ಯೋ ಮಾರಾಯ! ಆದಾಯ ಕಮ್ಮಿ ಇರುವ ಮನೆಯ ಮಕ್ಕಳಿಗೆ ಕಾಲೇಜುಗಳು ಒಂದಿಷ್ಟು ಸೀಟು ಕಮ್ಮಿ ಪಾಯಿಂಟಿಗೆ ಕೊಡುವ ವ್ಯವಸ್ಥೆ. ಮನೆಯ ಆದಾಯ ನೋಡುತ್ತಾರೆ, ಅದರ ಜೊತೆ ಮೆಡಿಕಲ್ ಕಾರ್ಡ್ ಉಂಟಾ, ಶಾಲೆ ಹಿಂದುಳಿದ ಪ್ರದೇಶದ ಶಾಲೆಗಳ ಡೇಶ್ ಪಟ್ಟಿಯಲ್ಲಿ ಉಂಟಾ, ಇರುವ ಜಾಗ ಎಂಥದ್ದು, ತಂದೆತಾಯಿ ಕೆಲಸ ಎಂತ ಅಂತ ನೋಡುತ್ತಾರೆ. ಸಿಎಒ ಖಾತೆಯೊಳಗೇ ಫಾರ್ಮ್ ಉಂಟು. ಕೊನೆಯ ದಿನ ಮಾರ್ಚ್ 1, ಸಂಜೆ ಐದು ಗಂಟೆ. ದಾಖಲೆಗಳನ್ನು ಅದರ ಬೆನ್ನಿಗೇ ಕಳಿಸಬೇಕು. ಸಿಕ್ಕಿದರೆ ಯುಸಿಸಿಯಲ್ಲಿ ಸೇರಿದ ಮೇಲೂ ಪಾಠಕ್ಕೆ, ಖರ್ಚಿಗೆ ಸಹಾಯ ಇರುತ್ತದೆ. ಸರ್ಕಾರ ವಿದ್ಯಾರ್ಥಿಗಳಿಗೆ ಕೊಡುವ ಸೂಸಿ ಅನುದಾನದ ಅರ್ಜಿ ಬೇರೆ, ಅದು ಆಮೇಲೆ.

ತಮ್ಮ: ಮಾರ್ಚ್ 1 ಅಂದರೆ ಇದೇ ವಾರ! ಶಾಲೆಯಲ್ಲಿ ಹೇಳಿರ್ತಾರೆ, ಅವಳು ಮನೆಗೆ ಬಂದು ಹೇಳಿಲ್ಲ. ಅಮ್ಮನ ಆದಾಯದ ಕಾಗದ ಕೇಳೋಕೆ ಅವಳಿಗೆ ಸಂಕೋಚ.

ಅಕ್ಕ: ಇವತ್ತು ನಿಮ್ಮಮ್ಮ ಯಾವ ಪಾಳಿ?

ತಮ್ಮ: ರಾತ್ರಿ. ಏಳೂವರೆಗೆ ಮನೆ ಬಿಡ್ತಾರೆ.

ಅಕ್ಕ: ಈಗ ಐದೂಕಾಲು. ಫೋನ್ ಮಾಡಿ ಮಲಗಿದ್ದರೆ ಎಬ್ಬಿಸು, ಫಾರ್ಮ್ ಕೇಳುವ ವರ್ಷದ ಆದಾಯದ ಕಾಗದ ತೆರಿಗೆ ಇಲಾಖೆಯ ರೆವೆನ್ಯೂ ಖಾತೆಯಲ್ಲಿ ಸಿಗುತ್ತದೆ, ಅದರ ಪಾಸ್‌ವರ್ಡ್ ಅವಳಿಗೆ ಮಾತ್ರ ಗೊತ್ತಿರುವುದು. ತಂಗಿಗೆ ಸಿಎಒ ನಂಬರ್ ತಗೊಂಡು ಬರಲು ಹೇಳು. ಮೆಡಿಕಲ್ ಕಾರ್ಡ್ ಕೂಡ ತರಲಿ. ಇಲ್ಲಿ ನನ್ನ ಲ್ಯಾಪ್‌ಟಾಪ್‌ನಲ್ಲೇ ತುಂಬಿಸುವ.

ತಮ್ಮ: ನನ್ನ ಸಿವಿ?

ಅಕ್ಕ: ಅದು ಭಾನುವಾರ. ವೋಚರ್ ಕಥೆ ಬರೆದುಕೊಂಡು ಬಾ, ಅಂಗಡಿಯಲ್ಲಿ ನೀನು ಹೇಳುವ ಮಾತಿನಲ್ಲೇ ಬರಿ. ಈಗ ಫೋನ್ ಮಾಡು.